ಜಲಾಂತರ್ಗಾಮಿಗೆ ಊಟ ಬೇಡವೇ?

ಸಮುದ್ರವನ್ನು ಕಾಣದ ಊರಿನವರಿಗೆ ಸಮುದ್ರದ ಬಗ್ಗೆ ಅಭಿಪ್ರಾಯಗಳು ಜಾಸ್ತಿ. ನಮ್ಮ ರಾಜಾಜಿನಗರದಲ್ಲಿ ಬೆಳಗಿನ ನಲ್ಲಿ ನಿಂತುಹೋದರೆ ಮುಖ ತೊಳೆಯುವುದಕ್ಕೂ ಬಕೆಟ್ಟಿನ ತಳ ನೋಡಬೇಕು. ಅಂಥ ಕಡೆ ನಿಂತು, ನೌಕಾಪಡೆಗೆ ಅಣುಶಕ್ತಿಯ ಜಲಾಂತರ್ಗಾಮಿಯೇ ಬೇಕು ಎಂದು ಗುಡುಗಿದವನು ನಾನು.

ರಾಜಸ್ಥಾನದ ಮರಳಿನಲ್ಲಿ ಅಣುಪರೀಕ್ಷೆ ನಡೆದ ಹೊಸತು. ಬಡಾವಣೆಯ ಸಂಘದವರು ಚರ್ಚಾಕೂಟಕ್ಕೂ ಅಣುವನ್ನೇ ಹಿಡಿದುಕೊಂಡರು: ಜಲಾಂತರ್ಗಾಮಿಗೆ ಡೀಸೆಲ್ಲೋ, ಅಣುಶಕ್ತಿಯೋ? ಕಾಲೇಜಿನಲ್ಲಿ ಇತಿಹಾಸ ಹೇಳುವ ನಾನು, ಯಾರೂ ಕೇಳದೆಯೇ ಹೆಸರು ಕೊಟ್ಟೆ. ದೇಶಪ್ರೇಮವೆಂದು ನೀವು ತಿಳಿದರೆ ಸಂತೋಷ. ನಿಜ ಬೇರೆ. ಹೆಂಡತಿ ತೀರಿಹೋದ ಮೇಲೆ ಮನೆಯಲ್ಲಿ ನನಗೆ ಎದುರಾಡುವವರೇ ಇರಲಿಲ್ಲ. ಅವಳಿದ್ದಾಗ ಸಾರಿನ ಉಪ್ಪಿನ ಮೇಲೂ ವಾದ ನಡೆಯುತ್ತಿತ್ತು. ಈಗ ನಾನು ಹೇಳಿದ್ದೇ ಸರಿ. ಸದಾ ಸರಿಯಾಗಿರುವುದು ಇಷ್ಟು ಬೇಸರದ ಕೆಲಸವೆಂದು ಮೊದಲು ಗೊತ್ತಿರಲಿಲ್ಲ.

ಕೂಟದ ದಿನ ನನ್ನ ವಾದ ಹೀಗಿತ್ತು: ಡೀಸೆಲ್ಲಿನದು ನೀರೊಳಗೆ ಬ್ಯಾಟರಿಯ ಮೇಲೆ ಓಡುತ್ತದೆ. ಅದನ್ನು ತುಂಬಿಸುವ ಎಂಜಿನ್ನಿಗಾಗಿ ಆಗಾಗ ಮೇಲೆ ಬಂದು ಗಾಳಿ ಎಳೆದುಕೊಳ್ಳಬೇಕು. ಶತ್ರು ಕಾಯುವುದೇ ಆ ಗಳಿಗೆಗೆ. ಅಣುಶಕ್ತಿಯದಕ್ಕೆ ಗಾಳಿಯ ಹಂಗಿಲ್ಲ, ಬಂದರಿನ ಎಣ್ಣೆಯ ಹಂಗೂ ಇಲ್ಲ. “ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರಬಹುದು!” ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು.

ಎದುರು ಪಕ್ಷಕ್ಕೆ ಎದ್ದವರು ಹಿಂದಿನ ಬೀದಿಯ ಗಿರಿಜಮ್ಮ. ಆಕೆಯ ಗಂಡ ವಿಶಾಖಪಟ್ಟಣದಲ್ಲಿ, ಡೀಸೆಲ್ ಜಲಾಂತರ್ಗಾಮಿಯಲ್ಲೇ ಕೆಲಸದಲ್ಲಿದ್ದರು.

“ಬ್ಯಾಟರಿ ಮೇಲೆ ಓಡೋವಾಗ ನಮ್ದು ಸದ್ದೇ ಮಾಡಲ್ಲ. ಅಣುಶಕ್ತೀದರಲ್ಲಿ ಬಿಸಿ ತಣಿಸೋಕೆ ಅಂತ ಪಂಪು ಓಡ್ತಾನೇ ಇರ್ಬೇಕು, ಸದ್ದು ನಿಲ್ಲಲ್ಲ. ಖರ್ಚೂ ಜಾಸ್ತಿ. ಅದೆಲ್ಲ ಬಿಡಿ. ಅದಕ್ಕೆ ಎಣ್ಣೆ ಬೇಡ ಅಂದ್ರಲ್ಲ, ಒಳಗಿರೋರಿಗೆ ಊಟ ಬೇಡ್ವಾ ಸಾರ್?”

ಸಭೆ ನಕ್ಕಿತು. ಆಕೆ ನಗಲಿಲ್ಲ.

“ಎಣ್ಣೆ ಮುಗಿದ್ರೆ ದಡಕ್ಕೆ ಬರ್ಲೇಬೇಕು. ನನಗೆ ಅಂಥದ್ದೇ ಸಾಕು” ಎಂದು ಕೂತುಬಿಟ್ಟರು.

ಬಹುಮಾನ ನನಗೇ ಬಂತು, ಒಂದು ಸ್ಟೀಲ್ ಡಬ್ಬಿ. ಮನೆಗೆ ತಂದು, ಬೀಗ ತೆಗೆದು, ತೋರಿಸಲು ಯಾರೂ ಇಲ್ಲದೆ ಅದನ್ನು ಕಪಾಟಿನಲ್ಲಿಟ್ಟೆ. ಯಾರ ಕಣ್ಣಿಗೂ ಬೀಳದೆ ಇರುವುದನ್ನು ಅಷ್ಟೊಂದು ಹೊಗಳಬಾರದಾಗಿತ್ತು ಅನ್ನಿಸಿತು.

ಯುಗಾದಿಗೆ ಗಿರಿಜಮ್ಮನ ಗಂಡ ರಜೆಯ ಮೇಲೆ ಬಂದರು. ನನ್ನನ್ನೂ ಕರೆದರು. ಆಕೆ ಕಾಫಿ ಮಾಡಲು ಒಳಗೆ ಹೋದಾಗ, “ನಿಜವಾಗಿ ಯಾವುದು ವಾಸಿ?” ಎಂದು ಅವರನ್ನು ಕೇಳಿದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ಗಾಳಿಗೆ ಅಂತ ಮೇಲೆ ಬಂದಾಗೆಲ್ಲ ಜೀವ ಕೈಯಲ್ಲಿರುತ್ತೆ ಸಾರ್. ಯುದ್ಧ ಅಂತ ಬಂದ್ರೆ ನನಗೆ ನೀವು ಹೇಳಿದ್ದೇ ಬೇಕು. ಇವಳಿಗೆ ಮಾತ್ರ ಹೇಳ್ಬೇಡಿ.”

ಅಷ್ಟರಲ್ಲಿ ಕಾಫಿ ಬಂತು. “ಏನಂತೆ ಸಾರ್ ಇವರ ತೀರ್ಪು?” ಎಂದರು ಗಿರಿಜಮ್ಮ.

“ಡೀಸೆಲ್ಲೇ ಅಂತಮ್ಮಾ. ನೀವೇ ಗೆದ್ರಿ” ಎಂದೆ.

ಆಕೆಯ ಮುಖ ಅರಳಿತು. ಗಂಡ ತಮ್ಮ ಲೋಟದೊಳಗೇ ನೋಡುತ್ತಿದ್ದರು. ಆಮೇಲೆ ಇಬ್ಬರೂ ಮಾವಿನಕಾಯಿ, ಬಿಸಿಲು, ಪಕ್ಕದ ಮನೆಯ ರೇಡಿಯೋ ಎಂದು ಏನೇನೋ ಮಾತಾಡಿದರು. ಗಂಡ ವಾಪಸು ಹೋಗುವ ರೈಲಿನ ಮಾತೊಂದನ್ನು ಬಿಟ್ಟು. ನಾನು ಎದ್ದರೆ ಆ ಮಾತು ಬಂದೇಬಿಡುತ್ತದೇನೋ ಅನ್ನಿಸಿತು. ನನಗೂ ಮನೆಯಲ್ಲಿ ಅವಸರದ ಕೆಲಸವೇನಿರಲಿಲ್ಲ. ಕಾಫಿ ಪೂರ್ತಿ ತಣ್ಣಗಾಗುವವರೆಗೂ ಗುಟುಕು ಗುಟುಕಾಗಿ ಕುಡಿಯುತ್ತಾ ಕೂತೆ.