ಬಾಳೆಗಿಡಕ್ಕೆ ಹಾಕಿದ ಗಂಟುಗಳು

ಆಯುಧಪೂಜೆಯಲ್ಲಿ ಬೂದುಗುಂಬಳಕಾಯಿಯನ್ನು ನೆಲಕ್ಕೆ ಹಾಕಿ ಒಡೆಯಬೇಕು. ಇದು ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಮಾತ್ರ, ನಿಶ್ಚಿತಾರ್ಥವಾದ ಹುಡುಗಿ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದಾಳೆ ಎಂಬ ಒಂದೇ ಕಾರಣಕ್ಕೆ, ಹೊಸ ಸ್ಕೂಟರಿನ ಮುಂದೆ ನಿಂತು ಕಾಯಿಯನ್ನು ಎಡಗೈ ಮೇಲಿಟ್ಟುಕೊಂಡು ಮಚ್ಚು ಬೀಸಿದೆ. ಕಾಯಿ ಚೆನ್ನಾಗಿಯೇ ಹೋಳಾಯಿತು. ಒಳಗೆ ತುಂಬಿದ್ದ ಕುಂಕುಮದಲ್ಲಿ ರಕ್ತ ಯಾವುದು ಎಂದು ಯಾರಿಗೂ ತಿಳಿಯಲಿಲ್ಲ. ಪೂಜೆ ಜೋರಾಯಿತು ಎಂದುಕೊಂಡು ಚಿಕ್ಕಪ್ಪ ಚಪ್ಪಾಳೆ ತಟ್ಟಿದರು.

ಮಹದೇವಪುರದ ನಮ್ಮ ಬೀದಿಯವರೆಲ್ಲ ನರ ಕಟ್ಟಾಗಿದೆ ಅಂದರು. ಹಲಸೂರಿನ ಆಸ್ಪತ್ರೆಯ ಡಾಕ್ಟರು ನರವಲ್ಲ, ಟೆಂಡನ್ ಅಂದರು. ಬೆರಳನ್ನು ಮಡಚುವ ಹುರಿ. ತೋರುಬೆರಳಿನದೂ ನಡುಬೆರಳಿನದೂ ಕತ್ತರಿಸಿಹೋಗಿದ್ದವು. ಹೊಲಿಗೆ ಹಾಕಿ, ಕೈಗೆ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿ, ನನ್ನನ್ನು ಒಂದು ಅಧ್ಯಯನಕ್ಕೂ ಸೇರಿಸಿಕೊಂಡರು. ಹೊಲಿದ ಬೆರಳನ್ನು ಎರಡು ಬಗೆಯಲ್ಲಿ ಆಡಿಸಿ ಪಳಗಿಸಬಹುದಂತೆ. ಯಾವ ಬಗೆಯಿಂದ ಕೈ ಚೆನ್ನಾಗಿ ಕೆಲಸಕ್ಕೆ ಬರುತ್ತದೆ ಎಂದು ನೋಡುವುದು ಅವರ ಉದ್ದೇಶ. ವ್ಯಾಯಾಮ ಕಲಿಸಲು ಒಬ್ಬರು ಮೇಡಂ ಇದ್ದರು. ಬೆರಳು ಎಷ್ಟು ಬಾಗುತ್ತದೆ ಎಂದು ಅಳೆಯಲು ದಪ್ಪ ಕನ್ನಡಕದ ಇನ್ನೊಬ್ಬ ಡಾಕ್ಟರ್. ನಾನು ಯಾವ ವ್ಯಾಯಾಮ ಮಾಡುತ್ತೇನೆ ಎಂದು ಈ ಅಳೆಯುವವರಿಗೆ ಗೊತ್ತಾಗಕೂಡದು. ಗೊತ್ತಾದರೆ ಅವರಿಗೇ ತಿಳಿಯದಂತೆ ಅಳತೆ ಒಂದು ಕಡೆಗೆ ವಾಲುತ್ತದಂತೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮನೆಯ ಕಥೆ ಹೇಳುವ ನನಗೆ ಇದು ಆಪರೇಷನ್ನಿಗಿಂತ ಕಷ್ಟವಾಗಿತ್ತು.

ನನ್ನ ಚಿಂತೆ ಮಾತ್ರ ಬೇರೆ. ಧನುರ್ಮಾಸಕ್ಕೆ ಮೊದಲೇ ಮುಹೂರ್ತ ಇತ್ತು. ಕೆ.ಆರ್. ಪುರದಲ್ಲಿ ಛತ್ರ ಬುಕ್ ಆಗಿತ್ತು. ತಾಳಿಯ ಮೂರು ಗಂಟನ್ನೂ ಗಂಡೇ ಹಾಕುವುದು ನಮ್ಮಲ್ಲಿ ಪದ್ಧತಿ. "ಒಂದು ಗಂಟು ಮುಟ್ಟಿದಂಗೆ ಮಾಡು, ಮಿಕ್ಕಿದ್ದು ಅಕ್ಕ ಹಾಕ್ತಾಳೆ" ಎಂದರು ಅಮ್ಮ. ನಾನು ಒಪ್ಪಲಿಲ್ಲ. ಮದುವೆಯಾಗುವವನು ನಾನು, ಅಕ್ಕ ಅಲ್ಲ.

ಪಟ್ಟಿ ಬಿಚ್ಚಿದ ದಿನ ಮೇಡಂಗೆ ಇದನ್ನೇ ಹೇಳಿಕೊಂಡೆ. ಅವರು ನಕ್ಕು, "ಭಾರ ಎತ್ಬೇಡಿ, ಜೋರಾಗಿ ಎಳೀಬೇಡಿ. ದಪ್ಪಗೆ ಮೆತ್ತಗೆ ಇರೋದಕ್ಕೆ ತೆಳು ದಾರ ಕಟ್ಟಿ ಅಭ್ಯಾಸ ಮಾಡಿ" ಅಂದರು. ಕೊರಳು ಕೊಡು ಎಂದರೆ ಅಕ್ಕ ಹೊಡೆಯಲು ಬಂದಳು. ಗೆಳೆಯನೊಬ್ಬ, "ಮಗಾ, ನನ್ ಹೆಂಡ್ತಿಗೆ ಏನಂತ ಹೇಳ್ಲಿ?" ಎಂದು ಜಾರಿಕೊಂಡ. ಕೊನೆಗೆ ಉಳಿದದ್ದು ಹಿತ್ತಲಲ್ಲಿ ಸಂಪಿನ ಪಕ್ಕದ ಬಾಳೆಗಿಡ. ಕಟ್ಟುವುದಾದರೆ ಅಸಲಿ ದಾರವನ್ನೇ ಕಟ್ಟೋಣ ಎಂದು ಶಿವಾಜಿನಗರದಲ್ಲಿ ಪೂಜಾಸಾಮಾನು ಮಾರುವ ಗ್ರಂಧಿಗೆ ಅಂಗಡಿಯಿಂದ ಅರಿಶಿನದ ದಾರದ ಉಂಡೆ ತಂದೆ. ಬೆಳಿಗ್ಗೆ ಸಂಜೆ ಅದೇ ಕೆಲಸ. ಗಂಟು ಹಾಕಲು ಕಲಿತ ಬೆರಳುಗಳಿಗೆ ಬಿಚ್ಚಲು ಬರುತ್ತಿರಲಿಲ್ಲವಾದ್ದರಿಂದ ಕಟ್ಟಿದ್ದನ್ನೆಲ್ಲ ಹಾಗೇ ಬಿಟ್ಟೆ.

ಹೀಗಿರುವಾಗ ನನ್ನ ಭಾವಿ ಅತ್ತೆ ಧಾರೆ ಸೀರೆ ತೋರಿಸಲು ಹೇಳದೆ ಕೇಳದೆ ಬಂದರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಬಾಳೆಗಿಡದ ತುಂಬ ಬುಡದಿಂದ ಎದೆಯೆತ್ತರದವರೆಗೆ ಅರಿಶಿನದ ದಾರ, ಒಂದೊಂದಕ್ಕೂ ಮೂರು ಮೂರು ಗಂಟು. ಜಾತಕದಲ್ಲಿ ಕುಜದೋಷವಿದ್ದರೆ ಗಂಡಿಗೆ ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಿಸಿ ದೋಷವನ್ನು ಗಿಡದ ತಲೆಗೆ ಕಟ್ಟುವುದುಂಟು. ಹೆಣ್ಣಿನ ಕಡೆಯವರಿಗೆ ತಿಳಿಯದಂತೆ ಮಾಡಿ ಮುಗಿಸುವವರೂ ಇದ್ದಾರೆ.

"ಬೀಗ್ರೇ, ದೋಷ ಇದೆ ಅಂತ ಮೊದ್ಲೇ ಹೇಳ್ಬಹುದಿತ್ತು" ಎಂದರು ಅತ್ತೆ.

"ಯಾವ ದೋಷ?" ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ.

"ಒಂದ್ ಸಲ ಕಟ್ಸಿದ್ರೆ ಸಾಲ್ದು ಅಂತ ಇಷ್ಟು ಸಲ ಕಟ್ಸಿದೀರಲ್ಲ, ಅದೆಂಥಾ ದೋಷ ಇರ್ಬೇಕು?"

"ಅತ್ತೆ, ಇದು ಫಿಸಿಯೋಥೆರಪಿ. ತಾಳಿ ಕಟ್ಟೋಕೆ ಅಭ್ಯಾಸ ಮಾಡ್ತಿದೀನಿ" ಎಂದೆ. ಇಂಥ ಸುಳ್ಳನ್ನು ತಮ್ಮ ಜನ್ಮದಲ್ಲೇ ಕೇಳಿಲ್ಲ ಎನ್ನುವಂತೆ ನನ್ನನ್ನು ನೋಡಿದರು. ಆಸ್ಪತ್ರೆಯವರ ಬಾಯಿಂದ ಕೇಳುವವರೆಗೂ ಮದುವೆಯ ಮಾತು ಬೇಡ ಎಂದು ಸೀರೆಯನ್ನು ಚೀಲಕ್ಕೆ ತುಂಬಿಕೊಂಡು ಹೊರಟರು.

ಮರುದಿನ ಅತ್ತೆ, ಅವರ ಮಗಳು, ನಾನು ಹಲಸೂರಿಗೆ ಮೆಟ್ರೊ ಹತ್ತಿದೆವು. "ನಿಜ ಹೇಳು, ನಾನು ಎಷ್ಟನೆಯವಳು?" ಎಂದು ಹುಡುಗಿ ಕಿವಿಯಲ್ಲಿ ಕೇಳಿದಳು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ತಿರುಗಿ ನೋಡಿದರು.

ನನ್ನ ಗ್ರಹಚಾರಕ್ಕೆ ಮೇಡಂ ರಜೆಯಲ್ಲಿದ್ದರು. ಇದ್ದವರು ಅಳೆಯುವ ಡಾಕ್ಟರ್ ಒಬ್ಬರೇ. ಅತ್ತೆ ನೇರವಾಗಿ, "ಡಾಕ್ಟ್ರೇ, ಬಾಳೆಗಿಡಕ್ಕೆ..." ಎನ್ನುವಷ್ಟರಲ್ಲಿ ಆತ ಎರಡೂ ಕಿವಿ ಮುಚ್ಚಿಕೊಂಡರು. "ಅಮ್ಮಾ, ಇವರು ಏನ್ ವ್ಯಾಯಾಮ ಮಾಡ್ತಾರೆ ಅಂತ ನನಗೆ ಹೇಳ್ಬೇಡಿ. ನಾನು ಕೇಳಿಸ್ಕೊಳ್ಳೋ ಹಾಗಿಲ್ಲ."

"ನೋಡಿದ್ರಾ, ಇವ್ರೂ ಮುಚ್ಚಿಡ್ತಿದಾರೆ" ಎಂದರು ಅತ್ತೆ. ಹುಡುಗಿ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು.

ಡಾಕ್ಟರ್ ಯಾವುದನ್ನೂ ಲೆಕ್ಕಿಸದೆ ತಮ್ಮ ಕೆಲಸ ಶುರು ಮಾಡಿದರು. ಕೋನ ಅಳೆಯುವ ಪಟ್ಟಿಯನ್ನು ಬೆರಳ ಬೆನ್ನಿಗಿಟ್ಟು ಮಡಚಿ ಎಂದರು. ಬೆರಳುಗಳು ಅರ್ಧ ದಾರಿಗೆ ನಿಂತು ನಡುಗತೊಡಗಿದವು. ಆಮೇಲೆ ಒಂದು ಅಂಗಿ ಕೊಟ್ಟು ಗುಂಡಿ ಹಾಕಿಸಿದರು. ಗುಂಡಿ ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ನನ್ನ ಹಣೆಯಲ್ಲಿ ಬೆವರು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಇಷ್ಟೂ ಆಗಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಈಗ ಪರವಾಗಿಲ್ಲ ಅತ್ತೆ. ಮೊದ್ಲು ಮಡಚೋಕೇ ಆಗ್ತಿರ್ಲಿಲ್ಲ."

"ತಾಳಿ ನಿಮ್ಮಕ್ಕ ಕಟ್ಬಹುದಲ್ಲ?"

"ನಾನೇ ಕಟ್ಬೇಕು" ಎಂದೆ. ಇಷ್ಟು ದಿನ ತಮಾಷೆ ಮಾಡಿಕೊಂಡು ಓಡಾಡುತ್ತಿದ್ದವನಿಗೆ ನಿಜವಾಗಿ ಎಷ್ಟು ಭಯವಿತ್ತು ಎಂದು ಆಗಲೇ ಗೊತ್ತಾದದ್ದು.

ವಾಪಸು ಬರುವಾಗ ಮೆಟ್ರೊದಲ್ಲಿ ಅತ್ತೆ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚಿದರು. "ಆ ಗಿಡದ ಸಹವಾಸ ಬಿಡಿ. ದಾರ ಇದ್ರೆ ನನ್ ಕೈಗೆ ಕಟ್ಟಿ ಕಲೀರಿ." ದಾರ ನನ್ನ ಜೇಬಿನಲ್ಲೇ ಇತ್ತು. ಎದುರಿಗೆ ಕೂತವರೆಲ್ಲ ಫೋನು ಬಿಟ್ಟು ನಮ್ಮನ್ನು ನೋಡಿದರು. ಇಳಿಯಬೇಕಿದ್ದ ಕೆ.ಆರ್. ಪುರ ಬಂದರೂ ನಾವು ಏಳಲಿಲ್ಲ, ಮುಂದಿನ ನಿಲ್ದಾಣದಲ್ಲಿಳಿದು ತಿರುಗಿ ಬಂದೆವು.

ಮುಹೂರ್ತದಲ್ಲಿ ಮೊದಲ ಗಂಟು ಸಲೀಸಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಬೆರಳು ಸೋತು ದಾರದ ತುದಿ ಜಾರಿತು. ಗಟ್ಟಿಮೇಳ ಮೊಳಗುತ್ತಲೇ ಇತ್ತು. ಜನರ ಕೈಯಲ್ಲಿದ್ದ ಅಕ್ಷತೆ ಮುಗಿದಿತ್ತು. ಓಲಗದವರು ಮುಖ ಕೆಂಪಗಾಗಿ, ಮುಗಿಯಿತೇ ಎಂದು ಪುರೋಹಿತರ ಕಡೆ ನೋಡುತ್ತಿದ್ದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಅತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. ಆಮೇಲೆ ಓಲಗದವರ ಕಡೆ ತಿರುಗಿ, ಇಡೀ ಛತ್ರಕ್ಕೆ ಕೇಳುವ ಹಾಗೆ ಕೂಗಿದರು:

"ನಿಲ್ಲಿಸ್ಬೇಡ್ರಪ್ಪಾ, ನಮ್ಮ ಅಳಿಯಂದ್ರದು ಇನ್ನೊಂದು ಗಂಟಿದೆ."