ಮೊಳೆಗೆ ತೂಗುವ ಬಳೆಗಳು

ನಮ್ಮತ್ತೆಯ ಬಲಗೈ ತೋರುಬೆರಳು ಮೇಲಿನ ಗೆಣ್ಣಿಗೇ ಮುಗಿದಿತ್ತು. ಉಗುರಿಲ್ಲದ ಆ ಮೋಟು ಬೆರಳನ್ನೇ ಆಕೆ ಎಲ್ಲರ ಮುಖಕ್ಕೂ ಚಾಚುತ್ತಿದ್ದಳು. ನನ್ನ ಮುಖಕ್ಕೆ ದಿನಾಲೂ. ಪುಣ್ಯಾತ್ಗಿತ್ತಿ, ಹೊಸ ಸೊಸೆ ಬಂದಳೆಂದು ಒಂದು ವಾರವಾದರೂ ಸುಮ್ಮನಿದ್ದಳೇ? ಇಲ್ಲ.

ಬಾಗಲಕೋಟೆ ಕಡೆಯಿಂದ ಬಂದ ಈ ಮನೆಯವರಿಗೆ ತೆಲುಗು ಸೀಮೆಯ ನಾಚಾರಂನಲ್ಲಿ ಚಪಾತಿ ಮಣೆ, ಲಟ್ಟಣಿಗೆ ಮಾಡುವ ಶೆಡ್ ಇತ್ತು. ಮರ ತರುವುದು, ಮಾರುವುದು ಮಾವನ ಪಾಲು. ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಮಷಿನ್ ಅತ್ತೆಯ ರಾಜ್ಯ. ಮೇಜಿಗೆ ಬಿಗಿದ ಆ ಮಷಿನ್ನಿನಲ್ಲಿ ಉಪ್ಪುಕಾಗದ ಅಂಟಿಸಿದ ತಟ್ಟೆ ಗರಗರ ತಿರುಗುತ್ತದೆ. ಆಕೆ ಸೊಸೆಯಾಗಿ ಬಂದ ಹೊಸತರಲ್ಲಿ, ಬಳೆ ಸಿಕ್ಕಿ, ತಟ್ಟೆಗೂ ಮೇಜಿಗೂ ನಡುವಿನ ಸಂದಿಗೆ ಬೆರಳು ಹೋಗಿತ್ತಂತೆ. ಅಂದಿನಿಂದ ಸ್ವಿಚ್ಚಿನ ಪಕ್ಕ ಒಂದು ಮೊಳೆ. ಬಳೆಗಳನ್ನು ಅದಕ್ಕೆ ತೂಗುಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದ ಮೇಲೆಯೇ ಆಕೆ ಸ್ವಿಚ್ ಒತ್ತುತ್ತಿದ್ದಳು.

ನನಗೂ ಅದೇ ಕಟ್ಟಳೆ. ಮದುವೆಯಾಗಿ ಬಂದವಳು ದಿನವೂ ಬರಿಗೈಯಲ್ಲಿ ನಿಲ್ಲಬೇಕು! ಇನ್ನು ಆಕೆಯ ಬಾಯಿ ಮಷಿನ್ನಿಗಿಂತ ಜೋರು.

"ಏ, ಯಾವ ಕಾಗದ ತೊಗೊಂಡಿ? ಮೊದಲ ಎಂಬತ್ತು, ಆಮ್ಯಾಲ ನೂರಾ ಇಪ್ಪತ್ತು, ಆಮ್ಯಾಲ ಇನ್ನೂರಾ ಇಪ್ಪತ್ತು. ನಂಬರ್ ಏರಿದಂಗ ನುಣುಪು. ನಡುವ ಬಿಟ್ಟು ಹಾರಿದ್ರ ಗೀರು ಹಂಗ ಉಳಿತಾವು. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಯಾವ ಲೋಕದ ತಾಯಿ ಮಗಳಿಗೆ ಉಪ್ಪುಕಾಗದ ಕಲಿಸುತ್ತಾಳೆ! ಮುಗಿದ ಲಟ್ಟಣಿಗೆಯನ್ನು ಆಕೆ ಕೆನ್ನೆಗೆ ಒರೆಸಿ ನೋಡುವಳು. ನಾನು ಉಜ್ಜಿದ್ದಾದರೆ ಮುಖ ಸಿಂಡರಿಸಿ ವಾಪಸ್ ಎಸೆಯುವಳು.

ಆ ಶ್ರಾವಣದಲ್ಲಿ ನಮ್ಮವ್ವ ಊರಿಂದ ಬಂದು, ನನ್ನನ್ನು ಚಾರ್ಮಿನಾರ್ ಹತ್ತಿರ ಕರೆದೊಯ್ದು, ಎರಡೂ ಕೈತುಂಬ ಹಸಿರು ಗಾಜಿನ ಬಳೆ ಇಡಿಸಿದಳು. ಮರುದಿನ ಊರಿಗೆ ಹೊರಟವಳು ಹೇಳಿಹೋಗಲು ಶೆಡ್ಡಿಗೆ ಬಂದಳು. ನಾನು ಮಣೆ ಹಿಡಿದು ಮಷಿನ್ ಮುಂದೆ ನಿಂತಿದ್ದೆ.

"ಬಳಿ ತಗಿ," ಅಂದಳು ಅತ್ತೆ.

"ಇವತ್ತೊಂದಿನ ಇರ್ಲಿ ಬಿಡ್ರಿ ಅತ್ತಿ. ಅವ್ವ ಇಡಿಸ್ಯಾಳ. ಮುತ್ತೈದಿ ಬರಿಗೈಲೆ ಇರಬಾರ್ದು," ಎಂದು ನಾನು ಸ್ವಿಚ್ ಒತ್ತಿಯೇಬಿಟ್ಟೆ.

ತಟ್ಟೆ ವೇಗ ಹಿಡಿಯುವ ಮೊದಲೇ ಅತ್ತೆ ಅದನ್ನು ಆರಿಸಿದಳು. ನನ್ನ ಕೈಗಳನ್ನು ಎಳೆದು ಬೆಂಚಿನ ಮೇಲೆ ಒತ್ತಿ ಹಿಡಿದು, ಲಟ್ಟಣಿಗೆಯಿಂದ ಟಪಟಪ ಬಡಿದಳು. ಬಳೆಗಳೆಲ್ಲ ಚೂರು. ಕೆಲಸದವರ ಎದುರು, ಹೆತ್ತವ್ವನ ಎದುರು, ಗಂಡ ಸತ್ತವಳ ಬಳೆ ಒಡೆದಂತೆ!

"ಆಕಿ ಗಂಡ ನಿಮ್ಮ ಹೊಟ್ಟೀಲೆ ಹುಟ್ಟಿದ ಮಗ ಅಲ್ಲೇನ್ರಿ? ಎಂಥಾ ಅಪಶಕುನ ಮಾಡಿದ್ರಿ!" ಎಂದು ಅವ್ವ ಅತ್ತುಬಿಟ್ಟಳು.

"ನನ್ನ ಮಗಂಗ ಏನೂ ಆಗಂಗಿಲ್ರಿ. ಈಕಿ ಕೈಯ ಹೋದ್ರ ಬಳಿ ಎಲ್ಲಿ ಇಡಿಸ್ತೀರಿ?" ಅಂದಳು ಅತ್ತೆ.

ಮಷಿನ್ ನನಗೆ ಇಂದಿಗೂ ಗಾಯ ಮಾಡಿಲ್ಲ. ಮಣಿಕಟ್ಟಿನಲ್ಲಿರುವ ಒಂದೇ ಒಂದು ಕಲೆ ಆಕೆ ಒಡೆದ ಗಾಜಿನದು. ಮಷಿನ್ನಿನ ವಯರ್ ಕಿತ್ತು ಬೈದಿದ್ದರೆ ಸಾಲುತ್ತಿರಲಿಲ್ಲವೇ? ಅವ್ವ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಾನೂ ಅತ್ತೆಯೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಆದರೆ ಬಳೆಗಳನ್ನು ಮೊಳೆಗೆ ಹಾಕದೆ ಸ್ವಿಚ್ ಮುಟ್ಟಲಿಲ್ಲ.

ಹೋದ ಚಳಿಗಾಲದಲ್ಲಿ ಅತ್ತೆ ತೀರಿಕೊಂಡಳು. ಮಾವ ಇರುವಾಗಲೇ ಮುತ್ತೈದೆಯಾಗಿ ಹೋದಳು. ಪಕ್ಕದ ಮನೆಯ ತೆಲುಗು ಹೆಂಗಸರು ಹಸಿರು ಬಳೆ ತಂದು, "ಕೋಡಲೇ ವೆಯ್ಯಾಲಿ" ಎಂದು ನನ್ನ ಕೈಗೇ ಕೊಟ್ಟರು, ಸೊಸೆಯೇ ತೊಡಿಸಬೇಕಂತೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದೊಂದೇ ಬಳೆಯನ್ನು ಆ ಮೋಟು ಬೆರಳು ದಾಟಿಸಿ ಏರಿಸಿದೆ. ಏರಿಸುತ್ತಿದ್ದ ನನ್ನ ಕೈಗಳಲ್ಲಿ ಬೆರಳುಗಳೆಲ್ಲ ಇದ್ದವು.

"ಇಟ್ಕೋರಿ ಅತ್ತಿ," ಅಂದೆ. "ಮಷಿನ್ ಬಂದ್ ಮಾಡೀನಿ."