ಹುಕ್ಕೇರಿಯ ಆಚೆಗಿನ ಸಮುದ್ರ

ಮೊನ್ನೆ ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮಿನ ಹೊಸ ಡಬ್ಬಿ ತೆರೆದೆ. ತೆಂಗಿನಕಾಯಿಯ ವಾಸನೆ ಬಂತು. ಗೋಕಾಕದ ಬಿಸಿಲಿಗೆ ತಲೆಯ ಮೇಲಿನ ಸೆರಗೇ ಸಾಕು ಎನ್ನುವ ನಾನು ಇದನ್ನು ತರಿಸಿದ್ದು ಬಾಲಿ ದ್ವೀಪಕ್ಕೆ ಹೋಗುವ ಸಲುವಾಗಿ, ಅದೂ ಎರಡನೇ ಸಲ. ನಮ್ಮವರು ಊಟದ ಮೇಜಿನ ತುಂಬ ಹಾಳೆ ಹರವಿಕೊಂಡು ಒಂಬತ್ತು ದಿನ, ಮೂರು ದ್ವೀಪ, ಐದು ಕಡಲತೀರ, ನಾಲ್ಕು ಗುಡಿ, ಒಂದು ಕುಣಿತ ಎಂದು ಬರೆದಿದ್ದರು. ಮದುವೆಯ ಜವಳಿ ಪಟ್ಟಿಯಲ್ಲೂ ಇಷ್ಟು ಶಿಸ್ತು ಕಂಡಿರಲಿಲ್ಲ. ನನಗೆ ಮಾತ್ರ ಆ ವಾಸನೆಗೆ ಮೂಡಲಗಿಯ ಪದ್ಮಾ ಕಾಕು ನೆನಪಾದಳು. ಸಮುದ್ರವನ್ನೇ ಕಾಣದವಳು ಯಾಕೆ ನೆನಪಾದಳು ಎನ್ನುತ್ತೀರಾ? ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಕಾಕು ನನ್ನ ತವರಿನ ಬಾಜೂ ಮನೆಯವಳು. ಬೆಲ್ಲದ ವ್ಯಾಪಾರದ ಜೈನರ ಮನೆತನ. ನಮಗೆ ನೆಂಟಳಲ್ಲ, ಆದರೂ ಓಣಿಯ ಮಕ್ಕಳಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ. ಯಾರಾದರೂ ಪ್ರವಾಸ ಮುಗಿಸಿ ಬಂದರೆ ಚೀಲ ಇಳಿಸುವ ಮೊದಲೇ ಬಾಗಿಲಲ್ಲಿ ಹಾಜರಿರುತ್ತಿದ್ದಳು. ಅಲ್ಲಿ ರೊಟ್ಟಿ ಯಾವುದರದ್ದು, ಹೆಂಗಸರು ನೀರು ಎಲ್ಲಿಂದ ತರುತ್ತಾರೆ, ಬಾಗಿಲು ಯಾವ ಕಡೆಗಿರುತ್ತದೆ ಎಂದು ಕೇಳುವಳು. ಹೋಗಿ ಬಂದವರು ಗುಡಿಯ ಹೆಸರು ಹೇಳಿ ಪಾರಾಗಲು ನೋಡುತ್ತಿದ್ದರು. ಕಾಕು ಬಿಡುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಮೊದಲ ಸಲ ಬಾಲಿಗೆ ಹೊರಟಾಗ ನಾನು ಮೂಡಲಗಿಗೆ ಹೋಗಿ, "ಕಾಕು, ಈ ಸಲ ನೀನೂ ನಮ್ಮ ಜೋಡಿ ಬಾ. ಸಮುದ್ರ ನೋಡೂಣಂತ" ಎಂದೆ. ಆಗ ಅವಳಿಗೆ ಎಪ್ಪತ್ತು ದಾಟಿತ್ತು, ಆದರೆ ಗಟ್ಟಿಮುಟ್ಟಾಗಿದ್ದಳು.

"ನಂಗ ದಿಗ್ವ್ರತ ಐತೆವ್ವಾ" ಎಂದಳು.

ನನಗೆ ಗೊತ್ತೇ ಇರಲಿಲ್ಲ. ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗುತ್ತೇನೆ ಎಂದು ಜೀವಮಾನಕ್ಕೆ ತಾನೇ ಗೆರೆ ಹಾಕಿಕೊಳ್ಳುವ ವ್ರತವಂತೆ ಅದು. ಹತ್ತೊಂಬತ್ತನೇ ವರ್ಷ, ಮದುವೆಯಾದ ಹೊಸತರಲ್ಲಿ, ಊರಿಗೆ ಬಂದಿದ್ದ ಮುನಿಗಳ ಮುಂದೆ ಅತ್ತೆಯ ಜೊತೆ ಇವಳೂ ಕೂತಳು. ಬಡಗಣಕ್ಕೂ ಮೂಡಣಕ್ಕೂ ಜೈನರ ದೊಡ್ಡ ತೀರ್ಥವಾದ ಶಿಖರಜಿ ಎಂದಳು, ತೆಂಕಣಕ್ಕೆ ಶ್ರವಣಬೆಳಗೊಳ. ಪಡುವಣಕ್ಕೆ ಎಲ್ಲಿಯತನಕ ಎಂದು ಕೇಳಿದಾಗ ಹುಕ್ಕೇರಿ ಎಂದುಬಿಟ್ಟಳು.

"ಹುಕ್ಕೇರಿ ನನ್ನ ತವರಮನಿ. ತವರಮನಿ ಬಿಟ್ರ ಆ ದಿಕ್ಕಿನ್ಯಾಗ ಮತ್ತೇನು ಇದ್ದೀತು ಅಂತ ತಿಳಕೊಂಡಿದ್ದೆ" ಎಂದು ನಕ್ಕಳು. "ಆಮ್ಯಾಲ ಒಮ್ಮೆ ಹುಕ್ಕೇರಿ ಸ್ಟ್ಯಾಂಡಿನ್ಯಾಗ ಗೋವಾದ ಕಡೆ ಹೋಗೂ ಬಸ್ ನಿಂತಿತ್ತು. ಸಮುದ್ರ ಎಷ್ಟು ದೂರ ಐತ್ರಿ ಅಂತ ಕಂಡಕ್ಟರನ್ನ ಕೇಳಿದೆ. ಐದಾರು ತಾಸು ಅಂದ. ಅದು ಹೋಗೂತನಕ ನಿಂತು ನೋಡಿ ಮನಿಗೆ ಹೋದೆ."

ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ವಾದಕ್ಕೆ ಬಿಡುತ್ತೇನೆಯೇ? ಬಾಲಿ ಇರುವುದು ಮೂಡಣಕ್ಕೆ ಎಂದೆ. ಶಿಖರಜಿಯ ಆಚೆಗೋ ಈಚೆಗೋ ಎಂದು ಕೇಳಿದಳು. ಫೋನಿನ ನಕ್ಷೆ ತೆಗೆದು ನೋಡಿದರೆ ಬಾಲಿ ಎಷ್ಟೋ ಆಚೆಗಿತ್ತು. ಕಡೆಗೆ, ಬೆಳಗೊಳ ನೋಡಿ ಆಗಿದೆಯಲ್ಲ, ಆ ಕಡೆ ಅಷ್ಟು ಕಡಿಮೆ ಮಾಡಿಕೊಂಡು ಪಡುವಣಕ್ಕೆ ಕೂಡಿಸಿಕೊ, ಗೋವಾದ ಸಮುದ್ರವನ್ನಾದರೂ ನೋಡಬಹುದು ಎಂದೆ.

"ಒಂದು ಕಡೆ ಕಡದು ಇನ್ನೊಂದು ಕಡೆ ಹಚ್ಚಬಾರದಂತ ಶಾಸ್ತ್ರದಾಗ ಮೊದಲಽ ಹೇಳ್ಯಾರ. ನಿನ್ನಂಥಾ ಶಾಣ್ಯಾರು ಆಗೂ ಇದ್ರು ಅಂತ ಕಾಣತೈತಿ."

ನನಗೆ ಕೆಟ್ಟೆನಿಸಿತು. ಹತ್ತೊಂಬತ್ತರ ಹುಡುಗಿ ಆಡಿದ ಒಂದು ಮಾತಿಗೆ ಎಪ್ಪತ್ತರ ಹೆಂಗಸು ಹೀಗೆ ಕಟ್ಟುಬೀಳಬೇಕೇ ಎಂದು ಸಿಟ್ಟೂ ಬಂತು. ಕಾಕುವಿಗೆ ಅಂಥದ್ದೇನೂ ಇದ್ದಂತಿರಲಿಲ್ಲ. ನನ್ನ ಫೋನು ಕಸಿದುಕೊಂಡು ಬಾಲಿಯ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಅಲ್ಲಿಯ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲ ಮುಂದೆ ಎಲೆಯ ಪುಟ್ಟ ತಟ್ಟೆಯಲ್ಲಿ ಹೂವು, ಒಂದು ಚಿಟಿಕೆ ಅನ್ನ ಇಡುತ್ತಾರೆ. ಆ ಚಿತ್ರದ ಹತ್ತಿರ ನಿಂತಳು.

"ಅನ್ನಕ್ಕ ಇರುವಿ ಬರ್ತಾವಲ್ಲ. ಹಾದು ಹೋಗೂ ಮಂದಿ ತುಳೀತಾರೋ, ನೋಡಿ ದಾಟತಾರೋ? ನೋಡಿಕೊಂಡು ಬಾ. ಮತ್ತ ಸಮುದ್ರದ ದಂಡಿಯಾಗ ಇರೂ ಮಂದಿ ಅದನ್ನ ದಿನಾ ನೋಡತಾರೋ, ಬ್ಯಾಸರಾಗಿ ಬಿಟ್ಟಿರತಾರೋ, ಅದನ್ನೂ ನೋಡು."

ಹೋದೆವು. ಆರು ದಿನದಲ್ಲಿ ಹನ್ನೊಂದು ಜಾಗ ನೋಡಿದೆವು, ಅಂದರೆ ಹನ್ನೊಂದು ಕಡೆ ವ್ಯಾನಿನಿಂದ ಇಳಿದೆವು. ಸಮುದ್ರಕ್ಕೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡೆವು. ಇರುವೆ ನೆನಪಾದದ್ದು ಮರಳಿ ಬರುವ ವಿಮಾನದಲ್ಲಿ. ಮೂಡಲಗಿಗೆ ಹೋದಾಗ ಕಾಕು ಕೇಳಿಯೇ ಕೇಳಿದಳು. ನೋಡಿ ದಾಟುತ್ತಾರೆ ಎಂದೆ. ದಿನಾ ಸಂಜೆ ದಂಡೆಗೆ ಬಂದು ಕೂರುತ್ತಾರೆ ಎಂದೂ ಸೇರಿಸಿದೆ. ಕಾಕು ಹೌದೇ ಎಂದು, ನಮಗೆ ತಿನ್ನಲು ಅವಲಕ್ಕಿ ಹಚ್ಚಲು ಒಳಗೆ ಹೋದಳು. ಆ ಸುಳ್ಳು ನನ್ನೊಳಗೆ ಇಷ್ಟು ವರ್ಷ ಇತ್ತು.

ಮೊನ್ನೆ ಡಬ್ಬಿ ಮುಚ್ಚಿಟ್ಟು ಕಾಕುವಿಗೆ ಫೋನು ಹಚ್ಚಿದೆ. ಈಗ ಅವಳು ಮನೆಯ ಕಟ್ಟೆ ಇಳಿಯುವುದೂ ಅಪರೂಪ. ಅಂದು ಹೇಳಿದ್ದೆಲ್ಲ ಸುಳ್ಳು, ನಾನು ಏನನ್ನೂ ನೋಡಿರಲಿಲ್ಲ ಎಂದು ಒಪ್ಪಿಕೊಂಡೆ.

"ಗೊತ್ತಿತ್ತವ್ವಾ" ಎಂದಳು. "ಕೇಳಿದ್ದಕ್ಕೆಲ್ಲಾ ಥಟ್ಟಂತ ಉತ್ತರ ಕೊಟ್ಟಿ. ಖರೆ ನೋಡಿದಾಕಿ ಸ್ವಲ್ಪ ತಡದು ನೆನಪ ಮಾಡಕೊಂತಾಳ."

ಮತ್ತೆ ಬಾಲಿಗೇ ಹೊರಟಿದ್ದೇವೆ, ಈ ಸಲ ಏನು ನೋಡಿ ಬರಲಿ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿದಳು.

"ದಂಡಿಯಾಗ ನನ್ನ ವಾರಿಗಿ ಮುದುಕಿ ಯಾರರೆ ಇದ್ರ ಆಕೀ ಬಾಜೂ ಕೂಡು. ಸಮುದ್ರ ಇಲ್ಲದ ಊರು ನೋಡಬೇಕಂತ ಯಾವಾಗರೆ ಅನಿಸಿತ್ತೇನು ಅಂತ ಕೇಳು. ಹೌದಂದ್ರ, ನಮ್ಮ ಮೂಡಲಗಿ ಹೆಂಗೈತಿ ಅಂತ ಹೇಳು."

ಹೂಂ ಎಂದು ಫೋನು ಇಟ್ಟೆ. ನಾನು ಹುಟ್ಟಿ ಬೆಳೆದ ಊರು. ಆ ಮುದುಕಿಗೆ ಏನು ಹೇಳಬೇಕೆಂದು ಯೋಚಿಸುತ್ತ ಅರ್ಧ ತಾಸು ಕೂತೆ, ಬಸ್ ಸ್ಟ್ಯಾಂಡು ಬಿಟ್ಟರೆ ಏನೂ ಕಣ್ಣಿಗೆ ಕಟ್ಟಲಿಲ್ಲ. ಆಮೇಲೆ ನಮ್ಮವರ ಹಾಳೆ ತೆಗೆದುಕೊಂಡು ಎರಡು ದ್ವೀಪ, ನಾಲ್ಕು ಕಡಲತೀರ ಹೊಡೆದುಹಾಕಿದೆ. ಅವರು ಕನ್ನಡಕ ಏರಿಸಿ ನೋಡಿದರು. ಮೊದಲನೇ ದಿನದ ಸಾಲಿನಲ್ಲಿ ವಿಮಾನದ ಹೊತ್ತು ಬರೆದಿತ್ತು. ಅದರ ಮೇಲೆ ಇನ್ನೊಂದು ಸಾಲು ಸೇರಿಸಿದೆ: ಭಾನುವಾರ, ಮೂಡಲಗಿ, ಇಡೀ ದಿನ.